ಗ್ರಿಡ್ ಉಳಿಸಲು ಆರಿದ ದೀಪ ಯಾರದು? ಮರವಂತೆಯಿಂದ 50 ಹರ್ಟ್ಸ್‌ನ ಕಥೆ



2020ರ ಏಪ್ರಿಲ್ 5, ಭಾನುವಾರ. ರಾತ್ರಿ 9 ಗಂಟೆಗೆ 9 ನಿಮಿಷ ಮನೆಯ ದೀಪ ಆರಿಸಿ, ಹಣತೆ ಹಚ್ಚಿ ಅಂತ ಪ್ರಧಾನಿ ಕರೆ ಕೊಟ್ಟ ರಾತ್ರಿ. ನಿಮಗೂ ನೆನಪಿರಬಹುದು. ನಾನು ಮರವಂತೆಯಲ್ಲಿದ್ದೆ. ಮರವಂತೆ ನೋಡದವರಿಗೆ ಹೇಳ್ತೇನೆ: ಇಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ಹೊಳೆ. ನಡುವೆ ರಸ್ತೆ ಮತ್ತು ಒಂದಿಷ್ಟು ಮರಳು. ಹಗಲು ರಾತ್ರಿ ಲಾರಿಗಳು ಓಡುವ ಆ ರಸ್ತೆ ಲಾಕ್‌ಡೌನಿನಿಂದ ಖಾಲಿ ಬಿದ್ದಿತ್ತು, ತೆರೆಯ ಸದ್ದು ಮನೆಯೊಳಗೇ ಕೇಳ್ತಿತ್ತು. 9 ಗಂಟೆಗೆ ಸ್ವಿಚ್ ಆರಿಸಿದೆವು. ಅಕ್ಕಪಕ್ಕದ ಮನೆಗಳೂ ಕತ್ತಲಾದವು. ಹತ್ತು ನಿಮಿಷದಲ್ಲಿ ಎಲ್ಲ ಮೊದಲಿನಂತೆ.

ನಮಗದು ಹತ್ತು ನಿಮಿಷದ ಮಾತು. ದೇಶದ ಗ್ರಿಡ್ ನೋಡಿಕೊಳ್ಳುವ ಎಂಜಿನಿಯರುಗಳು ಮಾತ್ರ ಎರಡು ದಿನದಿಂದ ನಿದ್ದೆಗೆಟ್ಟು ತಯಾರಿ ಮಾಡಿದ್ದರು. ದೀಪ ಆರಿದರೆ 12ರಿಂದ 14 ಸಾವಿರ ಮೆಗಾವಾಟ್ ಬೇಡಿಕೆ ಇಳಿಯಬಹುದು ಅನ್ನೋದು ಅವರ ಅಂದಾಜು. ಇಳಿದದ್ದು ಸುಮಾರು 31 ಸಾವಿರ ಮೆಗಾವಾಟ್. ಅಂದಾಜಿನ ದುಪ್ಪಟ್ಟಿಗಿಂತ ಹೆಚ್ಚು! ಜಲವಿದ್ಯುತ್ ಸ್ಥಾವರಗಳನ್ನು ಮೊದಲೇ ಪೂರ್ತಿ ಓಡಿಸಿ ಇಟ್ಟುಕೊಂಡಿದ್ದರು. ಬೇಡಿಕೆ ಕುಸಿಯುತ್ತಿದ್ದ ಹಾಗೆ 17 ಸಾವಿರ ಮೆಗಾವಾಟಿಗೂ ಹೆಚ್ಚು ಜಲವಿದ್ಯುತ್ತನ್ನು ಕೆಲವೇ ನಿಮಿಷಗಳಲ್ಲಿ ತಗ್ಗಿಸಿದರು, ದೀಪಗಳು ಮರಳಿದಾಗ ಮತ್ತೆ ಏರಿಸಿದರು. ಆ ಹೊತ್ತಿನಲ್ಲಿ ಗ್ರಿಡ್‌ನ ಫ್ರೀಕ್ವೆನ್ಸಿ ಮೇಲೆ 50.26ಕ್ಕೆ ಹೋಗಿ, ಕೆಳಗೆ 49.70ಕ್ಕೆ ಬಂತು. ಗ್ರಿಡ್ ಬೀಳಲಿಲ್ಲ.

ಇವತ್ತಿನ ಕಥೆ ಈ 50 ಅನ್ನುವ ಸಂಖ್ಯೆಯದು. ಅದನ್ನು ಕಾಯುವುದಕ್ಕೆ ಉತ್ಪಾದನೆಯನ್ನು ಹೆಚ್ಚು ಕಡಿಮೆ ಮಾಡುವುದರ ಜೊತೆಗೆ ಬಳಕೆಯನ್ನೂ ಹೆಚ್ಚು ಕಡಿಮೆ ಮಾಡಬಹುದು ಅಂತ ಈಗ ಜಗತ್ತೆಲ್ಲ ಹೊಸ ವಿದ್ಯೆ ಎಂಬಂತೆ ಮಾತಾಡುತ್ತಿದೆ. ನನ್ನ ತಕರಾರು ಇಷ್ಟೇ: ನಮ್ಮಲ್ಲಿ ಇದು ಹೊಸತಲ್ಲ. ಹತ್ತಾರು ವರ್ಷ ನಮ್ಮ ಹಳ್ಳಿಗಳು ಇದೇ ಕೆಲಸ ಮಾಡಿವೆ. ಯಾರೂ ಅವರನ್ನು ಕೇಳಲಿಲ್ಲ, ಅದಕ್ಕೆ ಅವರಿಗೆ ದುಡ್ಡೂ ಬರಲಿಲ್ಲ. ಅಷ್ಟೇ ವ್ಯತ್ಯಾಸ.

ಮೊದಲು ಈ ಫ್ರೀಕ್ವೆನ್ಸಿ ಅಂದ್ರೆ ಎಂತದು ನೋಡುವ.

ನಮ್ಮ ಕಡೆ ಹಳೆಯ ಅಕ್ಕಿ ಮಿಲ್ಲುಗಳಲ್ಲಿ ಡೀಸೆಲ್ ಎಂಜಿನ್ ಇರುತ್ತಿತ್ತು. ಖಾಲಿ ಓಡುವಾಗ ಒಂದು ದನಿ. ಭತ್ತ ಸುರಿದ ತಕ್ಷಣ ದನಿ ತಗ್ಗುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ, ಮತ್ತೆ ಸ್ವಲ್ಪ ಡೀಸೆಲ್ ಕುಡಿದು ಮೊದಲಿನ ವೇಗಕ್ಕೆ ಬರುತ್ತದೆ. ಗ್ರಿಡ್ ಕೂಡ ಹೀಗೇ. ಪಡುಬಿದ್ರಿ ಹತ್ತಿರ ಯೆಲ್ಲೂರಿನ ಕಲ್ಲಿದ್ದಲು ಸ್ಥಾವರದ ಟರ್ಬೈನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 50. ದೇಶದ ಸಾವಿರಾರು ಜನರೇಟರುಗಳು ಒಂದಕ್ಕೊಂದು ಬೆಸೆದುಕೊಂಡು ಒಂದೇ ತಾಳದಲ್ಲಿ ತಿರುಗುತ್ತವೆ. ಎಲ್ಲರೂ ಸೇರಿ ಉತ್ಪಾದನೆಗಿಂತ ಹೆಚ್ಚು ಎಳೆದರೆ ಎಲ್ಲ ಯಂತ್ರಗಳೂ ಒಟ್ಟಿಗೆ ತುಸು ನಿಧಾನ ಆಗುತ್ತವೆ, 50 ಇದ್ದದ್ದು 49.8 ಆಗುತ್ತದೆ. ಬಳಕೆ ಕಡಿಮೆಯಾದರೆ ವೇಗ ಏರುತ್ತದೆ. ತೀರಾ ಇಳಿದರೆ ಟರ್ಬೈನಿನ ಅಲಗುಗಳು ಅದುರಿ ಮುರಿದಾವು ಅಂತ ಸ್ಥಾವರಗಳು ತಾವಾಗಿಯೇ ಗ್ರಿಡ್ಡಿನಿಂದ ಕಳಚಿಕೊಳ್ಳುತ್ತವೆ. ಒಂದು ಕಳಚಿದರೆ ಉಳಿದವುಗಳ ಮೇಲೆ ಹೊರೆ. ಕತ್ತಲು ಹರಡುವುದು ಹೀಗೆ.

ಒಂದು ಮಾತು ಇಲ್ಲೇ ಹೇಳಿಬಿಡ್ತೇನೆ. ಟ್ಯೂಬ್‌ಲೈಟ್ ಮಿಣಮಿಣ ಅಂದು ಹತ್ತದೇ ಹೋಗುತ್ತಿತ್ತಲ್ಲ, ಅದು ವೋಲ್ಟೇಜಿನ ಸಮಸ್ಯೆ. ವೋಲ್ಟೇಜ್ ಊರಿಂದೂರಿಗೆ, ಕಂಬದಿಂದ ಕಂಬಕ್ಕೆ ಬೇರೆ. ಫ್ರೀಕ್ವೆನ್ಸಿ ಹಾಗಲ್ಲ. ಮರವಂತೆಯಲ್ಲಿ 49.9 ಇದ್ದರೆ ಬೆಂಗಳೂರಲ್ಲೂ 49.9, ಇವತ್ತಿನ ಗ್ರಿಡ್ಡಿನಲ್ಲಿ ಗುವಾಹಟಿಯಲ್ಲೂ ಅಷ್ಟೇ.

ಈಗ ಇತಿಹಾಸಕ್ಕೆ ಬರುವ. ಕರ್ನಾಟಕದ ವಿದ್ಯುತ್ ಶುರುವಾದದ್ದೇ ಬಗ್ಗದ ಬೇಡಿಕೆಯಿಂದ. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಆಗ 50 ಅಲ್ಲ, 25 ಆವರ್ತದ ಕರೆಂಟು. ಬೆಂಗಳೂರಿಗೆ ಬೀದಿದೀಪ ಬಂದದ್ದು ಮೂರು ವರ್ಷದ ನಂತರ, 1905ರಲ್ಲಿ. ಗಣಿ ಅಂದರೆ ಹಗಲು ರಾತ್ರಿ ಒಂದೇ ಸಮ ಎಳೆಯುವ ಗಿರಾಕಿ. ಕೆಳಗೆ ಜನ ಇರುವಾಗ ನೀರೆತ್ತುವ ಪಂಪನ್ನೋ ಗಾಳಿ ಬೀಸುವ ಫ್ಯಾನನ್ನೋ ನಿಲ್ಲಿಸುವ ಹಾಗಿಲ್ಲ. ಹಾಗಾಗಿ ಬೇಡಿಕೆ ಎಷ್ಟೋ ಅಷ್ಟು ನೀರು ಬಿಡುವುದೇ ಆ ಕಾಲದ ಕ್ರಮ.

ಆ ಕ್ರಮ ಬಹುಕಾಲ ನಡೆಯಿತು, ಯಾಕಂದ್ರೆ ನಮ್ಮದು ನೀರಿನ ರಾಜ್ಯ. ಜೋಗ, ಆಮೇಲೆ ಶರಾವತಿಯ ಹತ್ತು ಯೂನಿಟ್ಟುಗಳು, ಇಂದಿನ ಲೆಕ್ಕದಲ್ಲಿ 1,035 ಮೆಗಾವಾಟ್. 1985ರಲ್ಲಿ ರಾಯಚೂರಿನ ಮೊದಲ ಕಲ್ಲಿದ್ದಲು ಯೂನಿಟ್ ಬರುವ ತನಕ ಕರ್ನಾಟಕ ಹೆಚ್ಚುಕಡಿಮೆ ಪೂರ್ತಿ ನೀರನ್ನೇ ನಂಬಿತ್ತು. ನಮ್ಮ ಮರವಂತೆಯ ಮೂಡಕ್ಕೆ ಘಟ್ಟದ ಬುಡದಲ್ಲಿ ಹೊಸಂಗಡಿ ಇದೆ. ಅಲ್ಲಿ ನೆಲದೊಳಗೆ ವಾರಾಹಿ ವಿದ್ಯುದಾಗಾರ. ಮೊದಲ ಎರಡು ಯೂನಿಟ್ 1989–90ರ ಹೊತ್ತಿಗೆ, ಇನ್ನೆರಡು 2009ರಲ್ಲಿ, ಒಟ್ಟು 460 ಮೆಗಾವಾಟ್. ಘಟ್ಟದ ಮೇಲೆ ಮಾಣಿ ಅಣೆಕಟ್ಟಿನಲ್ಲಿ ನಿಂತ ನೀರು ಧುಮುಕಿ, ಟರ್ಬೈನ್ ತಿರುಗಿಸಿ, ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತದೆ. ನಮ್ಮ ಸೌಪರ್ಣಿಕಾ ಸೇರುವುದೂ ಅಲ್ಲೇ. ಇಂಥ ಸ್ಥಾವರದ ದೊಡ್ಡ ಗುಣ ಏನಂದ್ರೆ, ಬೇಡಿಕೆ ಏರಿದಾಗ ನಿಮಿಷಗಳಲ್ಲಿ ಏರುತ್ತದೆ. ಕಲ್ಲಿದ್ದಲಿನದು ಹಾಗಲ್ಲ, ಬಾಯ್ಲರ್ ಕಾಯಬೇಕು, ಗಂಟೆಗಟ್ಟಲೆ ಬೇಕು.

ಆದರೆ ಮಳೆ ಕೈಕೊಟ್ಟ ವರ್ಷ ನೀರಿಲ್ಲ. ಪಂಪ್‌ಸೆಟ್ಟುಗಳ ಸಂಖ್ಯೆ ಮಾತ್ರ ವರ್ಷವರ್ಷ ಏರುತ್ತಿತ್ತು. ಅಷ್ಟರಲ್ಲಿ ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರ ಒಂದೇ ದಕ್ಷಿಣ ಗ್ರಿಡ್ಡಿಗೆ ಬೆಸೆದುಕೊಂಡಿದ್ದವು. ಕೂಡು ಕುಟುಂಬದ ಅನ್ನದ ಪಾತ್ರೆಯ ಹಾಗೆ: ಒಬ್ಬ ಹೆಚ್ಚು ಬಡಿಸಿಕೊಂಡರೆ ಎಲ್ಲರಿಗೂ ಕಡಿಮೆ. 1990ರ ದಶಕದಲ್ಲಿ ದಕ್ಷಿಣದ ಫ್ರೀಕ್ವೆನ್ಸಿ 49ಕ್ಕಿಂತ ಕೆಳಗೆ, ಕೆಲವೊಮ್ಮೆ 48ರ ಹತ್ತಿರ ತೆವಳುವುದು ಮಾಮೂಲಿಯಾಗಿತ್ತು.

ಇಲ್ಲೊಂದು ಸ್ವಾರಸ್ಯ ಇದೆ. ಫ್ರೀಕ್ವೆನ್ಸಿ ಇಳಿದಾಗ ಮೋಟಾರೂ ನಿಧಾನ ತಿರುಗುತ್ತದೆ. ತೋಟದ ಪಂಪಿನ ವೇಗ ನೂರಕ್ಕೆ ನಾಲ್ಕು ತಗ್ಗಿದರೆ ಅದು ಎಳೆಯುವ ಶಕ್ತಿ, ಪುಸ್ತಕದ ಲೆಕ್ಕದಲ್ಲಿ, ನೂರಕ್ಕೆ ಹನ್ನೊಂದರಷ್ಟು ತಗ್ಗುತ್ತದೆ. ಅಂದರೆ ಗ್ರಿಡ್ ಸುಸ್ತಾದಾಗ ಪಂಪು ತಾನಾಗಿಯೇ ಸ್ವಲ್ಪ ಭಾರ ಇಳಿಸಿಕೊಡುತ್ತದೆ. ಯಾರ ಅಪ್ಪಣೆಯೂ ಬೇಡ. ತೋಟಕ್ಕೆ ನೀರು ಕಡಿಮೆ ಬಂತು ಅನ್ನೋದು ರೈತನಿಗೆ ಗೊತ್ತಾಗುತ್ತಿತ್ತು, ಯಾಕೆ ಅನ್ನೋದು ಗೊತ್ತಾಗುತ್ತಿರಲಿಲ್ಲ.

ಅಷ್ಟು ಸಾಲದಾದಾಗ ಲೋಡ್ ಶೆಡ್ಡಿಂಗ್. ಈ ಶಬ್ದ ಶಾಲೆಗೆ ಹೋಗದ ಅಜ್ಜಿಯಂದಿರ ಬಾಯಲ್ಲೂ ಇತ್ತು. ಅದರಲ್ಲಿ ಎರಡು ಬಗೆ. ಒಂದು, ಸಬ್‌ಸ್ಟೇಷನ್ನಿನಲ್ಲಿ ಕೂತ ರಿಲೇ. ಫ್ರೀಕ್ವೆನ್ಸಿ ಗೊತ್ತುಮಾಡಿದ ಗೆರೆಗಿಂತ ಕೆಳಗೆ ಹೋದ ಕೂಡಲೇ ಯಾರನ್ನೂ ಕೇಳದೆ ಒಂದಿಷ್ಟು ಫೀಡರುಗಳನ್ನು ಕತ್ತರಿಸುತ್ತದೆ. ಅದು ಕೊನೆಯ ತಡೆಗೋಡೆ, ಇರಲೇಬೇಕು. ಎರಡನೆಯದು ಪಾಳಿ. ಇಷ್ಟು ತಾಸು ತ್ರೀ ಫೇಸ್, ಉಳಿದ ಹೊತ್ತು ಸಿಂಗಲ್ ಫೇಸ್. ಸಿಂಗಲ್ ಫೇಸಿನಲ್ಲಿ ಮನೆಯ ದೀಪ ಉರಿಯುತ್ತದೆ, ತೋಟದ ಮೋಟಾರು ತಿರುಗುವುದಿಲ್ಲ. ಒಂದೇ ತಂತಿಯಲ್ಲಿ ದೀಪ ಬಿಟ್ಟು ಪಂಪನ್ನು ಮಾತ್ರ ನಿಲ್ಲಿಸುವ ಉಪಾಯ ಅದು. ಜಾಣತನವೇ ಸೈ. ನಮ್ಮ ರೈತರೇನು ಕಡಿಮೆಯೇ? ಕಂಡೆನ್ಸರ್ ಸಿಕ್ಕಿಸಿ ಸಿಂಗಲ್ ಫೇಸಿನಲ್ಲೇ ಮೋಟಾರು ಓಡಿಸಿದರು. ಟ್ರಾನ್ಸ್‌ಫಾರ್ಮರುಗಳು ಸುಟ್ಟವು, ಮೋಟಾರಿನ ವೈಂಡಿಂಗುಗಳು ಸುಟ್ಟವು, ವೈಂಡಿಂಗ್ ಅಂಗಡಿಯವರಿಗೆ ಕೈತುಂಬ ಕೆಲಸ. ಆಮೇಲೆ ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪಿನ ಫೀಡರನ್ನೂ ಮನೆಗಳ ಫೀಡರನ್ನೂ ಬೇರೆ ಬೇರೆ ಮಾಡಲು ಹೊರಟದ್ದು ಇದಕ್ಕೇ.

ತ್ರೀ ಫೇಸ್ ಬರುತ್ತಿದ್ದದ್ದು ಹೆಚ್ಚಾಗಿ ಬೇರೆಯವರಿಗೆ ಬೇಡವಾದ ಹೊತ್ತಿಗೆ, ನಡುರಾತ್ರಿ ಮೇಲೆ. "ತ್ರೀ ಫೇಸ್ ಬಂತಾ?" ಅಂತ ಹಾಸಿಗೆಯಿಂದಲೇ ಕೇಳುವುದು, ಟಾರ್ಚು ಹಿಡಿದು ಅಡಿಕೆ ತೋಟಕ್ಕೆ ಇಳಿಯುವುದು, ಹಾವಿನ ಭಯ, ಒದ್ದೆ ನೆಲದಲ್ಲಿ ನಿಂತು ಸ್ಟಾರ್ಟರ್ ಒತ್ತುವ ಭಯ. ನನ್ನ ವಯಸ್ಸಿನ ಹಳ್ಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾವು ಚಿಮಣಿ ದೀಪದಲ್ಲಿ ಓದಿದೆವು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ಆ ಹೊತ್ತಿಗೆ ಎಲ್ಲೋ ಒಂದು ಪಟ್ಟಣದಲ್ಲಿ ದೀಪ ಉರಿಯುತ್ತಿತ್ತು ಅನ್ನೋದನ್ನು ಸೇರಿಸಿ ಹೇಳಬೇಕು.

2003ರ ಜನವರಿಯಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕಿದ ಜಾಗ ಸಣ್ಣದು. ಭಾನು ಭೂಷಣ್ ಎಂಬ ಎಂಜಿನಿಯರ್ ವರ್ಷಗಟ್ಟಲೆ ಪ್ರತಿಪಾದಿಸಿದ್ದ ಎಬಿಟಿ ಎಂಬ ದರ ಪದ್ಧತಿ ದಕ್ಷಿಣ ಗ್ರಿಡ್ಡಿಗೂ ಬಂತು. ಅದರ ತಿರುಳು ಸರಳ: ಹೇಳಿದ್ದಕ್ಕಿಂತ ಹೆಚ್ಚು ಎಳೆದರೆ ಆ ಹೆಚ್ಚುವರಿಗೆ ಕೊಡಬೇಕಾದ ಬೆಲೆಯನ್ನು ಆ ಹೊತ್ತಿನ ಫ್ರೀಕ್ವೆನ್ಸಿಯೇ ತೀರ್ಮಾನಿಸುತ್ತದೆ. ಆರಂಭದ ದರದಲ್ಲಿ 50.5 ಇದ್ದಾಗ ಸೊನ್ನೆ. ಇಳಿಯುತ್ತ ಹೋದಂತೆ ಬೆಲೆ ಏರಿ, 49ರ ಹತ್ತಿರ ಯೂನಿಟ್ಟಿಗೆ 4 ರೂಪಾಯಿ 20 ಪೈಸೆ. ಗೋಡೆಯ ಮೇಲಿನ ಒಂದು ಸಂಖ್ಯೆ ನೋಡಿದರೆ ಸಾಕು, ಈಗ ಕರೆಂಟ್ ಅಗ್ಗವೋ ದುಬಾರಿಯೋ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇದು ಬಹಳ ಚಂದದ ಕಲ್ಪನೆ. ದಕ್ಷಿಣದ ಫ್ರೀಕ್ವೆನ್ಸಿ ಬೇಗ ಸುಧಾರಿಸಿತು.

ಆದರೆ ಬೆಲೆ ನೋಡಿದವರು ಯಾರು? ರಾಜ್ಯದ ನಿಯಂತ್ರಣ ಕೇಂದ್ರದವರು. ಪಂಪಿನ ಮಾಲೀಕನಿಗೆ ಆ ಬೆಲೆ ಕಾಣುವುದಿಲ್ಲ. ಬೆಲೆ ಏರಿದಾಗ ಅವರು ಮಾಡಬಹುದಾದ ಸುಲಭದ ಕೆಲಸ ಹಳ್ಳಿಯ ಫೀಡರ್ ತೆರೆಯುವುದು. ತೆರೆಯುವುದು ಅಂದರೆ ಇಲ್ಲಿ ಆರಿಸುವುದು ಅಂತ ಅರ್ಥ. ಉಳಿತಾಯ ಒಂದು ಕಡೆ, ಕತ್ತಲು ಇನ್ನೊಂದು ಕಡೆ. ಹತ್ತು ಅಶ್ವಶಕ್ತಿ ತನಕದ ಪಂಪಿಗೆ ಕರೆಂಟ್ ಉಚಿತ, ಅನೇಕ ಪಂಪುಗಳಿಗೆ ಮೀಟರೇ ಇಲ್ಲ. ಉಚಿತ ಕೊಟ್ಟ ಮೇಲೆ ಬೆಲೆಯ ಮೂಲಕ "ಈಗ ಬೇಡ, ಆಮೇಲೆ ಓಡಿಸಿ" ಅಂತ ಹೇಳಲು ಬರುವುದಿಲ್ಲ. ಸ್ವಿಚ್ಚಿನ ಮೂಲಕವೇ ಹೇಳಬೇಕು. ಉಚಿತ ವಿದ್ಯುತ್ತಿನ ಬಗ್ಗೆ ಪರ ವಿರೋಧ ಎಷ್ಟೋ ಚರ್ಚೆ ಆಗಿದೆ, ಅದಕ್ಕೆ ರೈತ ಹೊತ್ತಿನ ರೂಪದಲ್ಲಿ ಬೆಲೆ ತೆತ್ತಿದ್ದಾನೆ ಅನ್ನೋದು ಆ ಚರ್ಚೆಯಲ್ಲಿ ಅಪರೂಪಕ್ಕೆ ಬರುತ್ತದೆ.

ಮುಂದಿನದನ್ನು ಬೇಗ ಹೇಳ್ತೇನೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿಯಿತು. ಎರಡನೇ ದಿನ ಪೂರ್ವ, ಈಶಾನ್ಯವೂ ಬಿದ್ದವು. ನಾವು ಉಳಿದದ್ದು ಯಾಕಂದ್ರೆ ಆಗ ದಕ್ಷಿಣ ಗ್ರಿಡ್ ಅವರೊಂದಿಗೆ ಡಿಸಿ ತಂತಿಗಳ ಮೂಲಕ ಮಾತ್ರ ಸೇರಿತ್ತು. ತಾಲ್ಚೇರಿನಿಂದ ಕೋಲಾರಕ್ಕೆ ಬರುವ ತಂತಿ ಅಂಥದ್ದು. ಕರೆಂಟ್ ಬರುತ್ತದೆ, ತಾಳ ಬೇರೆಯೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದಲ್ಲಿ ದಕ್ಷಿಣವೂ ಸೇರಿ ಇಡೀ ದೇಶ ಒಂದೇ ತಾಳಕ್ಕೆ ಬಂತು. 2014ರಿಂದ ಫ್ರೀಕ್ವೆನ್ಸಿ ಇರಬೇಕಾದ ಪಟ್ಟಿ 49.90ರಿಂದ 50.05. 48ರಲ್ಲಿ ತೆವಳಿದ ಕಾಲ ಕಂಡವರಿಗೆ ಇದು ಪವಾಡವೇ.

ಆಮೇಲೆ ಬಿಸಿಲು ಬಂತು. ಪಾವಗಡದ ಸೌರ ಪಾರ್ಕ್ ಒಂದೇ 2,050 ಮೆಗಾವಾಟ್. ಹಗಲು ಕರೆಂಟ್ ಧಾರಾಳ, ಸಂಜೆ ಆರರ ಹೊತ್ತಿಗೆ ಮಾಯ. ಆಗ ಹಳೆಯ ಪಂಪು ಹೊಸ ಕೆಲಸಕ್ಕೆ ಬಂತು: ರಾತ್ರಿ ಕೊಡುತ್ತಿದ್ದ ತ್ರೀ ಫೇಸನ್ನು ಹಗಲಿಗೆ ಸರಿಸಿದರು. ರೈತನಿಗೂ ಒಳ್ಳೆಯದು, ಗ್ರಿಡ್ಡಿಗೂ ಒಳ್ಳೆಯದು. 2024ರ ಮಾರ್ಚಿನಲ್ಲಿ ರಾಜ್ಯದ ಬೇಡಿಕೆ 17 ಸಾವಿರ ಮೆಗಾವಾಟ್ ದಾಟಿತಲ್ಲ, ಈಚಿನ ವರ್ಷಗಳಲ್ಲಿ ಇಂಥ ಗರಿಷ್ಠ ಬರುವುದು ಸಂಜೆಯಲ್ಲ, ಹಗಲಿನಲ್ಲಿ. ರಾಜ್ಯದ ವಿದ್ಯುತ್ತಿನ ಸುಮಾರು ಮೂರನೇ ಒಂದು ಪಾಲು ನೀರಾವರಿಗೆ ಹೋಗುತ್ತದೆ. ಅದನ್ನು ಸೂರ್ಯನ ಕೆಳಗೆ ತಂದು ನಿಲ್ಲಿಸಿದ್ದು ಸಣ್ಣ ಮಾತಲ್ಲ. ಲೋಕದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಬೇಡಿಕೆಯನ್ನು ಸರಿಸಿದ ಉದಾಹರಣೆಗಳು ಹೆಚ್ಚಿಲ್ಲ, ನಾವು ಅದನ್ನು ಸಾಧನೆ ಅಂತ ಹೇಳಿಕೊಂಡದ್ದೂ ಇಲ್ಲ.

ಇದರಲ್ಲೂ ಒಂದು ಎಡವಟ್ಟಿದೆ. ತಾಸಿಗೆ ಸರಿಯಾಗಿ, ಉದಾಹರಣೆಗೆ ಬೆಳಿಗ್ಗೆ ಆರಕ್ಕೆ, ಸಾವಿರಾರು ಫೀಡರುಗಳನ್ನು ಒಟ್ಟಿಗೆ ಹಾಕಿದರೆ ಏನಾಗುತ್ತದೆ? ರೈತರು ಆಟೋ ಸ್ಟಾರ್ಟರ್ ಹಾಕಿಟ್ಟಿರುತ್ತಾರೆ. ಕರೆಂಟ್ ಬಂದ ಕ್ಷಣ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದೇಳುತ್ತವೆ, ಎದ್ದೇಳುವಾಗ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ. ಫ್ರೀಕ್ವೆನ್ಸಿಯ ಗ್ರಾಫಿನಲ್ಲಿ ತಾಸು ಬದಲಾಗುವ ಹೊತ್ತಿಗೆ ಗುಂಡಿ ಬೀಳುತ್ತದೆ, ಪಾಳಿ ಮುಗಿಯುವ ಹೊತ್ತಿಗೆ ದಿಣ್ಣೆ ಏಳುತ್ತದೆ. ರಾಷ್ಟ್ರೀಯ ಗ್ರಿಡ್ ನಿರ್ವಾಹಕರು ಇದರ ಬಗ್ಗೆ ರಾಜ್ಯಗಳಿಗೆ ಮತ್ತೆ ಮತ್ತೆ ಹೇಳಿದ್ದಾರೆ: ಒಟ್ಟಿಗೆ ಬೇಡ, ಗುಂಪು ಮಾಡಿ ಕೆಲವು ನಿಮಿಷಗಳ ಅಂತರದಲ್ಲಿ ಹಾಕಿ. ಬಗ್ಗುವ ಬೇಡಿಕೆಯನ್ನು ಒರಟಾಗಿ ಬಗ್ಗಿಸಿದರೆ ಅದೇ ಗ್ರಿಡ್ಡನ್ನು ಅಲುಗಾಡಿಸುತ್ತದೆ. ಏಪ್ರಿಲ್ 5ರ ರಾತ್ರಿ ಹೆದರಿಸಿದ್ದೂ ಇದೇ ಅಲ್ಲವೇ?

ಸೂಕ್ಷ್ಮವಾಗಿ ಬಗ್ಗಿಸುವುದು ಹೇಗೆ ಅನ್ನುವ ಯೋಚನೆ ಹಳೆಯದೇ. ನ್ಯೂಜಿಲೆಂಡಿನಲ್ಲಿ 1950ರ ದಶಕದಿಂದಲೇ ಕರೆಂಟ್ ತಂತಿಯಲ್ಲೇ ಸಂಕೇತ ಕಳಿಸಿ ಮನೆಗಳ ನೀರು ಕಾಯಿಸುವ ಹಂಡೆಗಳನ್ನು ಸ್ವಲ್ಪ ಹೊತ್ತು ಆರಿಸುತ್ತಿದ್ದರು. ನೀರು ಬಿಸಿಯಾಗಿಯೇ ಇರುತ್ತದೆ, ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಅಮೆರಿಕದ ಎಂಐಟಿಯಲ್ಲಿ ಫ್ರೆಡ್ ಶ್ವೆಪ್ಪೆ ಎಂಬ ಪ್ರಾಧ್ಯಾಪಕರು 1982ರಲ್ಲಿ ಒಂದು ಪೇಟೆಂಟ್ ಪಡೆದರು. ಫ್ರಿಜ್ಜು, ಹೀಟರಿನಂಥ ಯಂತ್ರಗಳೇ ಗೋಡೆಯ ಪ್ಲಗ್ಗಿನಲ್ಲಿ ಫ್ರೀಕ್ವೆನ್ಸಿ ನೋಡಿಕೊಂಡು, ಇಳಿದಾಗ ತುಸು ತಡೆದು, ಏರಿದಾಗ ಮುಂಚಿತವಾಗಿ ಓಡುವ ಉಪಾಯ ಅದು. ಫ್ರೀಕ್ವೆನ್ಸಿ ಎಲ್ಲೆಡೆ ಒಂದೇ ಅಂದೆನಲ್ಲ, ಹಾಗಾಗಿ ಬೇರೆ ಸಂದೇಶವೇ ಬೇಡ.

ನಮ್ಮ ಕಡೆ ಅಂಥ ಯಂತ್ರ ಯಾವುದು ಅಂತ ಯೋಚಿಸಿದರೆ ನನಗೆ ಮೊದಲು ಕಾಣುವುದು ಗಂಗೊಳ್ಳಿ ಬಂದರಿನ ಐಸ್ ಪ್ಲಾಂಟು. ಉಪ್ಪುನೀರಿನ ತೊಟ್ಟಿಯಲ್ಲಿ ಡಬ್ಬಿಗಳನ್ನು ಇಳಿಸಿ ಅಮೋನಿಯ ಕಂಪ್ರೆಸರಿನಿಂದ ತಣ್ಣಗೆ ಮಾಡುತ್ತಾರೆ. ಕಂಪ್ರೆಸರು ಅರ್ಧ ತಾಸು ನಿಂತರೆ ಮಂಜುಗಡ್ಡೆ ಕರಗಿ ಹೋಗುವುದಿಲ್ಲ, ತೊಟ್ಟಿಯೇ ತಣ್ಪನ್ನು ಹಿಡಿದಿಟ್ಟಿರುತ್ತದೆ. ಮಧ್ಯಾಹ್ನ ಬಿಸಿಲಿನ ಕರೆಂಟಿನಲ್ಲಿ ಜೋರು ಓಡಿಸಿ, ಸಂಜೆ ತಡೆದುಕೊಳ್ಳಬಹುದು. ಆದರೆ ಲೆಕ್ಕ ಸರಳವಲ್ಲ. ಬೋಟುಗಳು ಯಾವಾಗ ಹೊರಡುತ್ತವೋ ಆಗ ಐಸ್ ಬೇಕು. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಬಗ್ಗಿಸಲು ಅಲ್ಲಿ ಬೇಡಿಕೆಯೇ ಇರುವುದಿಲ್ಲ. ಮತ್ತು ತಡೆದುಕೊಂಡದ್ದಕ್ಕೆ ಮಾಲೀಕರಿಗೆ ಏನು ಸಿಗುತ್ತದೆ?

ದೊಡ್ಡ ಕಾರ್ಖಾನೆಗಳಿಗೆ ನಮ್ಮ ರಾಜ್ಯದಲ್ಲಿ ಹೊತ್ತಿನ ದರ ಬಹುಕಾಲದಿಂದ ಇದೆ. ಸಂಜೆ 6ರಿಂದ 10ರ ತನಕ ಯೂನಿಟ್ಟಿಗೆ ಒಂದು ರೂಪಾಯಿ ಹೆಚ್ಚು, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಒಂದು ರೂಪಾಯಿ ಕಡಿಮೆ, ಹೀಗಿತ್ತು. ಬಿಸಿಲಿನ ಕಾಲಕ್ಕೆ ಈ ಲೆಕ್ಕ ಹಳತು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಬಿಸಿಲಿನ ತಾಸುಗಳಲ್ಲಿ ದರ ಕಡಿಮೆ, ಗರಿಷ್ಠ ಬೇಡಿಕೆಯ ತಾಸುಗಳಲ್ಲಿ ಹೆಚ್ಚು ಇರಬೇಕು ಅಂದಿತು. ಕೃಷಿಯನ್ನು ಅದರಿಂದ ಹೊರಗಿಟ್ಟಿತು. ಇನ್ನೂ ಮುಖ್ಯವಾದದ್ದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ 2022ರ ನಿಯಮ. ಗ್ರಿಡ್ ಸಮತೋಲನಕ್ಕೆ ಬೇಕಾದ ಸೇವೆಯನ್ನು ಉತ್ಪಾದಕರು ಮಾತ್ರವಲ್ಲ, ಬೇಡಿಕೆ ತಗ್ಗಿಸಬಲ್ಲವರೂ ಕೊಡಬಹುದು, ಅದಕ್ಕೆ ದುಡ್ಡು ಪಡೆಯಬಹುದು ಅಂತ ಅದು ಹೇಳುತ್ತದೆ. ತೋಟದ ಪಂಪು ಇಷ್ಟು ವರ್ಷ ಬಿಟ್ಟಿ ಮಾಡಿದ ಕೆಲಸಕ್ಕೆ ಕಾಗದದಲ್ಲಿ ಕೊನೆಗೂ ಒಂದು ಹೆಸರು ಬಂತು.

ಹೆಸರು ಬಂದ ಮಾತ್ರಕ್ಕೆ ದುಡ್ಡು ಬರುವುದಿಲ್ಲ, ಗೊತ್ತಿದೆ. 2023ರ ಬರದಲ್ಲಿ ಏನಾಯಿತು ನೋಡಿ. ಜಲಾಶಯ ತುಂಬಲಿಲ್ಲ, ಪಂಪಿನ ಬೇಡಿಕೆ ಏರಿತು. ಅಕ್ಟೋಬರಿನಲ್ಲಿ ಪಂಪಿಗೆ 5 ತಾಸು ಅಂದರು, ರೈತರು ಬೀದಿಗಿಳಿದ ಮೇಲೆ 7 ತಾಸು ಅಂದರು. ಕೊರತೆ ಬಂದ ಕೂಡಲೇ ಕೈ ಹೋದದ್ದು ಹಳೆಯ ಸ್ವಿಚ್ಚಿಗೇ.

ಇನ್ನೊಂದು ಕಡೆ ಶರಾವತಿ ಕಣಿವೆಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ಹಗಲಿನ ಸೌರ ಕರೆಂಟಿನಲ್ಲಿ ನೀರನ್ನು ಮೇಲೆತ್ತಿ, ಸಂಜೆ ಇಳಿಸಿ ಕರೆಂಟ್ ತೆಗೆಯುವುದು. ಅದೂ ಒಂದು ಬಗೆಯ ಬಗ್ಗುವ ಬೇಡಿಕೆಯೇ, ಆದರೆ ಸಿಂಗಳೀಕಗಳ ಕಾಡಿನೊಳಗೆ. ಶಿವಮೊಗ್ಗ, ಉತ್ತರ ಕನ್ನಡದಲ್ಲಿ ಅದಕ್ಕೆ ವಿರೋಧ ಇದೆ. ವಾರಾಹಿಯಲ್ಲೂ ಇಂಥದೊಂದು ಪ್ರಸ್ತಾಪ ಇದೆ. ಸಂಜೆಯ ಕೊರತೆಗೆ ಸಂಗ್ರಹ ಬೇಕೇ ಬೇಕು, ಪಂಪು ಸರಿಸಿದ್ದರಿಂದಲೇ ಎಲ್ಲ ಮುಗಿಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಕಾಡು ಅಗೆಯುವ ಮೊದಲು ಐಸ್ ಪ್ಲಾಂಟಿನ ತೊಟ್ಟಿ, ಊರಿನ ಓವರ್‌ಹೆಡ್ ಟ್ಯಾಂಕು, ಬೆಂಗಳೂರಿಗೆ ನೂರು ಕಿಲೋಮೀಟರ್ ದೂರದಿಂದ ಕಾವೇರಿ ಎತ್ತುವ ಪಂಪುಗಳು, ಗೀಸರುಗಳು, ಮಾಲುಗಳ ಏಸಿ, ಇವುಗಳನ್ನು ಒಂದು ಸಲ ಕೇಳಿ ನೋಡಿದ್ದೇವೆಯೇ? ಪಟ್ಟಣದ ಏಸಿ ಹತ್ತು ನಿಮಿಷ ತಡೆದರೆ ಎಷ್ಟು ಮೆಗಾವಾಟ್ ಅನ್ನುವ ಲೆಕ್ಕ, ತೋಟದ ಪಂಪು ಏಳು ತಾಸು ಅನ್ನುವ ಲೆಕ್ಕದಷ್ಟೇ ಬಾಯಿಪಾಠ ಆಗಬೇಕು.

ಮೊನ್ನೆ ಸಂಜೆ ಮರವಂತೆಯ ರಸ್ತೆ ಬದಿ ನಿಂತಿದ್ದೆ. ಮೊಬೈಲಿನಲ್ಲಿ ಫ್ರೀಕ್ವೆನ್ಸಿ ನೋಡಬಹುದು ಈಗ, ಗ್ರಿಡ್ ನಿರ್ವಾಹಕರ ಜಾಲತಾಣದಲ್ಲಿ ಸಿಗುತ್ತದೆ. ಸೂರ್ಯ ಕಡಲಿಗೆ ಇಳಿಯುತ್ತಿದ್ದ, ದೇಶದ ಸೌರ ಫಲಕಗಳೆಲ್ಲ ಸುಮ್ಮನಾಗುವ ಹೊತ್ತು. 49.97, 49.94, 49.96. ಮೂಡಣದ ಕತ್ತಲಲ್ಲಿ, ಘಟ್ಟದ ಕೆಳಗೆ, ವಾರಾಹಿಯ ಯೂನಿಟ್ಟುಗಳ ಸರದಿ ಬರುವ ಹೊತ್ತೂ ಅದೇ. ಪಕ್ಕದಲ್ಲಿ ಬೊಂಡ ಮಾರುವವರು ಎಂತ ನೋಡ್ತಿದ್ದೀರಿ ಅಂತ ಕೇಳಿದರು. ತೋರಿಸಿದೆ. "ಇದು ಕಮ್ಮಿ ಆದ್ರೆ ನಮ್ ಮನೆ ಕರೆಂಟ್ ತೆಗೀತ್ರಾ?" ಅಂದರು.